ಅಪ್‌ರೈಟ್ ಬಾಸ್‌ಗೆ ಸ್ಟೇಜ್ ಮೇಲೆ ರಿಬ್ಬನ್ ಮೈಕ್: ಗುಂಯ್ ಅನ್ನದಂತೆ ಇಡೋದು ಹೇಗೆ?

ಮಂದ್ರಸ್ಥಾಯಿ:
ಜಾಝ್ ಟ್ರಿಯೊ: ಪಿಯಾನೊ, ಡ್ರಮ್ಸ್, ಬಾಸ್ (ನಿಲ್ಲಿಸಿ ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ). ಚಿಕ್ಕ ಹಾಲ್, ಸೀಲಿಂಗ್ ತಗ್ಗು. ಬ್ರಿಡ್ಜ್‌ನಲ್ಲಿ (ತಂತಿ ಹೊರುವ ಮರದ ಪಟ್ಟಿ) ಪೀಝೋ ಪಿಕಪ್ (ಕಂಪನವನ್ನು ಸಿಗ್ನಲ್ ಮಾಡುವ ಸಾಧನ) ಇದೆ. ಬರೀ ಅದನ್ನೇ ಬಿಟ್ಟರೆ ತಂತಿಯ ಟಕಟಕ ಮಾತ್ರ ಕೇಳುತ್ತೆ, ಮರದ ದನಿ ಇಲ್ಲ. ಫಿಗರ್-8 (ಹಿಂದೆ, ಮುಂದೆ ಎರಡೂ ಕಡೆ ಕೇಳುವ) ಪ್ಯಾಸಿವ್ (ಹೊರಗಿನ ಕರೆಂಟ್ ಬೇಡದ) ರಿಬ್ಬನ್ ಮೈಕನ್ನು (ತೆಳು ಲೋಹದ ಪಟ್ಟಿಯಿಂದ ಸದ್ದು ಹಿಡಿಯುವ ಮೈಕ್) ಎಫ್-ಹೋಲ್ (ಬಾಸ್ ಮುಖದಲ್ಲಿರುವ ಎಫ್ ಆಕಾರದ ತೂತು) ಎದುರು ಒಂದು ಗೇಣು ದೂರದಲ್ಲಿ ಇಟ್ಟರೆ ದನಿ ಸೊಗಸು. ಆದರೆ ಫೇಡರ್ ಸ್ವಲ್ಪ ಏರಿಸಿದರೂ 100 ಹರ್ಟ್ಝ್ ಆಸುಪಾಸಿನಲ್ಲಿ ಗುಂಯ್ (ಫೀಡ್‌ಬ್ಯಾಕ್: ಸ್ಪೀಕರ್ ಸದ್ದು ಮತ್ತೆ ಮೈಕಿಗೆ ಹೊಕ್ಕು ಸುತ್ತುವುದು). ಮಾನಿಟರ್ (ವೆಜ್, ನಮಗೆ ಕೇಳಲೆಂದು ಇಟ್ಟ ಸ್ಪೀಕರ್) ಮೈಕಿನ ಬೆನ್ನಿಗೆ, ನೆಲದ ಮೇಲಿದೆ. ಇನ್ನೊಂದು: ಮಿಕ್ಸರ್‌ನಲ್ಲಿ ಎಲ್ಲ ಚಾನೆಲ್‌ಗೂ ಸೇರಿ ಒಂದೇ ಫ್ಯಾಂಟಮ್ (ಕೇಬಲ್‌ನಲ್ಲೇ ಮೈಕ್‌ಗೆ 48 ವೋಲ್ಟ್ ಕಳಿಸುವುದು) ಸ್ವಿಚ್, ಪಿಯಾನೊ ಮೈಕ್‌ಗೆ ಅದು ಬೇಕೇ ಬೇಕು. ರಿಬ್ಬನ್ ಉಳಿಯುತ್ತಾ?

ವೆಜ್_ವೈರಿ:
ಮಾನಿಟರನ್ನು ಮೈಕಿನ ಬೆನ್ನಿಗೆ ಇಡೋದು ಕಾರ್ಡಿಯಾಯ್ಡ್‌ಗೆ (ಹಿಂದಿನ ಸದ್ದು ಕೇಳದ ಮೈಕ್) ಸರಿ. ನಿಮ್ಮದು ಮುಂದೆ ಎಷ್ಟು ಕೇಳುತ್ತೋ ಹಿಂದೆಯೂ ಅಷ್ಟೇ ಕೇಳುತ್ತೆ. ಅದು ಕಿವುಡಾಗಿರೋದು ಅಂಚಿನ ಕಡೆ, 90 ಡಿಗ್ರಿಯಲ್ಲಿ: ಎಡ, ಬಲ, ಮೇಲೆ, ಕೆಳಗೆ ಸುತ್ತಲೂ. ಹಾಗಾಗಿ ವೆಜ್ಜನ್ನು ಮೈಕಿನ ಪಕ್ಕಕ್ಕೆ ತನ್ನಿ, ಡ್ರಮ್ಸ್ ಕೂಡ ಆದಷ್ಟು ಅದೇ ಗೆರೆಯಲ್ಲಿ ಇರಲಿ. ಮೊದಲು ಈ ಕೋನಗಳನ್ನು ನೋಡಿ ಸ್ಟ್ಯಾಂಡ್ ನಿಲ್ಲಿಸಿ, ದನಿಯ ಬಣ್ಣ ಆಮೇಲೆ.

ಎಫ್-ಹೋಲ್‌ಗೆ ನೇರ ಹಿಡಿಯಬೇಡಿ. ಬಾಸ್ ಪೆಟ್ಟಿಗೆಯ ಗಾಳಿ ಸುಮಾರು 60 ಹರ್ಟ್ಝ್‌ನಲ್ಲಿ ಮೊರೆಯುತ್ತೆ, ಅದು ಹೊರಬರೋದೇ ಆ ತೂತಿನಿಂದ. ಬ್ರಿಡ್ಜ್ ಮತ್ತು ಜಿ ತಂತಿ ಕಡೆಯ ಎಫ್-ಹೋಲ್ ನಡುವಿನ ಮರಕ್ಕೆ, 20 ಸೆಂ.ಮೀ. ದೂರದಲ್ಲಿ ಗುರಿ ಇಡಿ. ಇನ್ನೂ ಹತ್ತಿರ ಹೋದರೆ ಪ್ರಾಕ್ಸಿಮಿಟಿಯಿಂದ ಕೆಳಸ್ವರ ಊದಿಕೊಳ್ಳುತ್ತೆ, ರಿಬ್ಬನ್‌ನಲ್ಲಿ ಅದು ಬಲು ಜೋರು.

ಮೈಕನ್ನು ವೆಜ್‌ಗೆ ಕಳಿಸಲೇಬೇಡಿ. ವೆಜ್‌ಗೆ ಪಿಕಪ್ ಮಾತ್ರ, ಮೈಕ್ ಬರೀ ಮೇನ್ಸ್‌ಗೆ (ಸಭಿಕರ ಕಡೆಯ ಸ್ಪೀಕರ್).

ಗೇನ್_ಗಣಿತ:
ಮೇಲಿನವರು ಹೇಳಿದ್ದು ಸರಿ. ಕೆಳಸ್ವರದ ಹೊರೆ ಪಿಕಪ್ ಹೊರಲಿ. ಮೈಕ್ ಚಾನೆಲ್‌ಗೆ 150 ಹರ್ಟ್ಝ್‌ನಲ್ಲಿ ಹೈಪಾಸ್ (ಅದಕ್ಕಿಂತ ಕೆಳಗಿನ ಸ್ವರ ತಗ್ಗಿಸುವ ಫಿಲ್ಟರ್) ಹಾಕಿದರೆ ಆ 100ರ ಗುಂಯ್ ಬಹುಪಾಲು ಅಲ್ಲೇ ಸಾಯುತ್ತೆ. ಪಿಕಪ್‌ಗೆ 35–40ರಲ್ಲಿ ಸಾಕು, ಇ ತಂತಿಯ ಮೂಲಸ್ವರ 41.2 ಹರ್ಟ್ಝ್. ಪೀಝೋವನ್ನು ಕನಿಷ್ಠ 1 ಮೆಗಾಓಮ್ ಇನ್‌ಪುಟ್‌ಗೆ ಕೊಡಿ, ಇಲ್ಲದಿದ್ದರೆ ಕೆಳಸ್ವರವೇ ಸೋರಿಹೋಗಿ ಟಕಟಕ ಮಾತ್ರ ಉಳಿಯುತ್ತೆ. ನಿಮ್ಮ ದೂರಿಗೆ ಅರ್ಧ ಕಾರಣ ಅದೇ ಇರಬಹುದು.

ಆಮೇಲೆ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಒಂದರ ಪೊಲಾರಿಟಿ (ಸಿಗ್ನಲ್‌ನ ಪ್ಲಸ್-ಮೈನಸ್) ತಿರುಗಿಸಿ ಕೇಳಿ, ಎಲ್ಲಿ ದಪ್ಪ ಬರುತ್ತೋ ಅಲ್ಲೇ ಬಿಡಿ. ಡಿಜಿಟಲ್ ಮಿಕ್ಸರ್ ಆಗಿದ್ದರೆ ಪಿಕಪ್ಪನ್ನು 0.6 ಮಿಲಿಸೆಕೆಂಡ್ ತಡ ಮಾಡಿ, 20 ಸೆಂ.ಮೀ. ದಾಟಲು ಸದ್ದಿಗೆ ಹಿಡಿಯುವ ಸಮಯ ಅಷ್ಟು.

ಮಂದ್ರಸ್ಥಾಯಿ:
ಪಿಕಪ್ ನೇರ ಮಿಕ್ಸರ್‌ನ ಲೈನ್ ಇನ್‌ಗೇ ಹೋಗ್ತಿತ್ತು! 1 ಮೆಗಾಓಮ್ ಇನ್‌ಪುಟ್ ಇರುವ ಪ್ರಿಆಂಪ್ (ಮಿಕ್ಸರ್‌ಗೆ ಮುಂಚಿನ ಆಂಪ್) ತರಿಸ್ತೀನಿ. ಫ್ಯಾಂಟಮ್ ವಿಷಯ?

ಪಿನ್2_ಪಿನ್3:
ಟ್ರಾನ್ಸ್‌ಫಾರ್ಮರ್ ಇರುವ ರಿಬ್ಬನ್‌ಗೆ ಸರಿಯಾದ ಎಕ್ಸ್‌ಎಲ್‌ಆರ್ ಕೇಬಲ್‌ನಲ್ಲಿ ಬರುವ ಫ್ಯಾಂಟಮ್‌ನಿಂದ ಕೇಡಿಲ್ಲ: 2 ಮತ್ತು 3ನೇ ಪಿನ್ ಎರಡರಲ್ಲೂ 48 ವೋಲ್ಟ್ ಸಮವಾಗಿದ್ದರೆ ಕರೆಂಟ್ ಹರಿಯಲ್ಲ. ಒಂದು ಪಿನ್‌ನ ಬೆಸುಗೆ ಬಿಟ್ಟಿದ್ದರೆ ಅಥವಾ 1ನೇ (ಗ್ರೌಂಡ್) ಪಿನ್‌ಗೆ ತಾಗಿದ್ದರೆ ಆ ಸಮ ತಪ್ಪಿ, ಸುಮಾರು 2 ಮೈಕ್ರಾನ್ ದಪ್ಪದ ಅಲ್ಯೂಮಿನಿಯಂ ಪಟ್ಟಿ ಜಗ್ಗಿಹೋಗಬಹುದು. ಆದ್ದರಿಂದ ಮಲ್ಟಿಮೀಟರ್‌ನಿಂದ ಕೇಬಲ್ ನೋಡಿ, ಮೈಕ್ ಸಿಕ್ಕಿಸುವಾಗ, ತೆಗೆಯುವಾಗ ಫ್ಯಾಂಟಮ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಕ್ಲೌಡ್‌ಲಿಫ್ಟರ್ ಥರದ ಇನ್‌ಲೈನ್ ಪ್ರಿಆಂಪ್ ಇನ್ನೂ ನಿಶ್ಚಿಂತೆ. ಫ್ಯಾಂಟಮ್ ತಾನೇ ತಿಂದು ಮೈಕ್‌ಗೆ ದಾಟಿಸಲ್ಲ, ಸುಮಾರು 25 ಡಿಬಿ ಗೇನ್ ಬೇರೆ. ಆದರೆ ಫೀಡ್‌ಬ್ಯಾಕ್‌ಗೆ ಅದು ಮದ್ದಲ್ಲ.

ಪಟ್ಟಿಗೆ ನಿಜವಾದ ಶತ್ರು ಗಾಳಿ. ಪೆಡೆಸ್ಟಲ್ ಫ್ಯಾನ್ ಅಥವಾ ಎಸಿ ಮೈಕಿನ ಕಡೆ ಬೀಸದಿರಲಿ, ಫೋಮ್ ಹಾಕಿ, ಬ್ರೇಕ್‌ನಲ್ಲಿ ಬಟ್ಟೆ ಚೀಲ ಮುಚ್ಚಿ. ಊದಿ ಟೆಸ್ಟ್ ಮಾಡುವ ಮಹನೀಯರನ್ನು ದೂರ ಇಡಿ.

ಬೋಪಾಸ್:
ಶಾಕ್‌ಮೌಂಟ್ (ಕಂಪನ ತಡೆಯುವ ಮೈಕ್ ಹಿಡಿ) ಮರೆಯಬೇಡಿ. ಹಲಗೆ ಸ್ಟೇಜ್ ಆದರೆ ಎಂಡ್‌ಪಿನ್‌ನಿಂದ ಇಳಿದ ಕಂಪನ ಮೈಕ್ ಸ್ಟ್ಯಾಂಡ್ ಹತ್ತಿ ಬರುತ್ತೆ, ಸ್ಟ್ಯಾಂಡ್ ಕಾಲಡಿ ದಪ್ಪ ರಬ್ಬರ್ ಮ್ಯಾಟ್ ಇರಲಿ. ಹಿಂಬದಿಯ ಕಿವಿ ಇಷ್ಟು ಚುರುಕು ಬೇಡ ಅಂದರೆ ಬೇಯರ್‌ಡೈನಾಮಿಕ್ ಎಂ160 ನೋಡಿ: ರಿಬ್ಬನ್ನೇ, ಆದರೆ ಹೈಪರ್‌ಕಾರ್ಡಿಯಾಯ್ಡ್ (ಕಾರ್ಡಿಯಾಯ್ಡ್‌ಗಿಂತ ಕಿರಿದಾಗಿ ಮುಂದೆ ಕೇಳುವಂಥದ್ದು). 1 ಎಂವಿ/ಪಾಸ್ಕಲ್ ಸೆನ್ಸಿಟಿವಿಟಿ, ಹಾಡುಗಾರರ ಮಾಮೂಲಿ ಮೈಕ್ ಎಸ್‌ಎಂ58ಗಿಂತ 5 ಡಿಬಿ ಚಿಲ್ಲರೆ ಕಡಿಮೆ ಅಷ್ಟೇ. ಡ್ರಮ್ಮರ್ ಬ್ರಷ್ ಬಿಟ್ಟು ಕೋಲು ಹಿಡಿದು ಜೋರು ಬಾರಿಸುವವರಾದರೆ ನಾನು ಇದ್ಯಾವುದನ್ನೂ ಇಡಲ್ಲ. ಬಾಸ್‌ಗೇ ಕಚ್ಚಿಸುವ ಡಿಪಿಎ 4099 ಕ್ಲಿಪ್ ಮೈಕ್, ಜೊತೆಗೆ ಪಿಕಪ್.