ಮಿಸಿಸಿಪ್ಪಿಯ ಬೊಲಿವರ್ ಕೌಂಟಿಯ ಸೆಕೆ

ಪ್ರಶ್ನೆ: ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಬೊಲಿವರ್ ಕೌಂಟಿಯು ಸಮುದ್ರದಿಂದ ಅಷ್ಟು ದೂರವಿದ್ದರೂ ಅಲ್ಲಿನ ಬೇಸಿಗೆ ನಮ್ಮ ಮಂಗಳೂರಿನಂತೆ ಬೆವರಿಳಿಸುವುದೇಕೆ? ಅಲ್ಲಿಯೂ ಮಳೆಗಾಲವಿದೆಯೇ?

ಉತ್ತರ 1: ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೀಸುವ ತೇವಭರಿತ ಗಾಳಿಯನ್ನು ತಡೆಯುವ ಬೆಟ್ಟಸಾಲು ನಡುವೆ ಎಲ್ಲಿಯೂ ಇಲ್ಲದಿರುವುದರಿಂದ, ಅದು ಹತ್ತಿ, ಭತ್ತ ಬೆಳೆಯುವ ಮಿಸಿಸಿಪ್ಪಿ ನದಿಯ ಪಕ್ಕದ, ‘ಡೆಲ್ಟಾ’ ಎಂದು ಕರೆಯುವ ಈ ಸಮತಟ್ಟಾದ ಬಯಲಿನವರೆಗೂ ನೇರವಾಗಿ ಬರುತ್ತದೆ, ಜುಲೈನಲ್ಲಿ ಹಗಲಿನ ಉಷ್ಣತೆ 33 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದು, ರಾತ್ರಿಯೂ ಸೆಕೆ ಅಷ್ಟಾಗಿ ತಗ್ಗುವುದಿಲ್ಲ. ನಮ್ಮಲ್ಲಿರುವಂತೆ ಪ್ರತ್ಯೇಕ ಮಳೆಗಾಲವಿಲ್ಲ. ಮಳೆ ವರ್ಷವಿಡೀ ಹಂಚಿಹೋಗಿದೆ.

ಉತ್ತರ 2: ಮಂಗಳೂರಿನ ಹೋಲಿಕೆ ಬೇಸಿಗೆಗಷ್ಟೇ ಸರಿ. ಉತ್ತರದ ಶೀತಗಾಳಿಗೂ ತಡೆಯಿಲ್ಲದ ಕಾರಣ ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ರಾತ್ರಿಗಳಿರುತ್ತವೆ. ಎರಡೂ ಗಾಳಿಗಳು ಸಂಧಿಸುವ ವಸಂತದಲ್ಲಿ ಸುಂಟರಗಾಳಿಯ ಭಯವೂ ಉಂಟು.

ಉತ್ತರ 3: ನೆರೆಯನ್ನೂ ಮರೆಯಬಾರದು. 1927ರ ಏಪ್ರಿಲ್ 21ರಂದು ಮೌಂಡ್ಸ್ ಲ್ಯಾಂಡಿಂಗ್ ಎಂಬಲ್ಲಿ ಮಿಸಿಸಿಪ್ಪಿ ನದಿಯ ಒಡ್ಡು ಒಡೆದದ್ದು ಇದೇ ಕೌಂಟಿಯಲ್ಲಿ. ಆದರೆ ಆ ನೀರಿನ ಬಹುಪಾಲು ನದಿಯ ಮೇಲ್ಭಾಗದ ರಾಜ್ಯಗಳಲ್ಲಿ ಸುರಿದ ಮಳೆಯದ್ದು.