ರಾಮೇಶ್ವರದ ಕಲಾಂ ಸ್ಮಾರಕ: ಒಂದೇ ದಿನ ಇದೆ, ಯಾವ ಹೊತ್ತಿಗೆ ಹೋಗೋದು?

ತಿಪಟೂರು ಸೊಸೆ: ಕ್ರಿಸ್‌ಮಸ್ ರಜೆಗೆ ಮಧುರೈ ಮೇಲೆ ರಾಮೇಶ್ವರಕ್ಕೆ ಹೊರಟಿದ್ದೇವೆ. ಮಾವನವರಿಗೆ ಮಂಡಿನೋವು, ಮಗಳು ಎಂಟನೇ ಕ್ಲಾಸು. ಅವಳಿಗೆ ಅಬ್ದುಲ್ ಕಲಾಂ ಸ್ಮಾರಕವೇ ಮುಖ್ಯ, ಮಾವನಿಗೆ ದೇವಸ್ಥಾನದೊಳಗಿನ ಇಪ್ಪತ್ತೆರಡು ತೀರ್ಥದ ಬಾವಿಗಳ ಸ್ನಾನ. ಕೈಯಲ್ಲಿರೋದು ಒಂದು ದಿನ. ಹೋಗಿಬಂದವರು ಹೇಳಿ.

ಹಾಸನದ ಟಿಟಿ: ಸ್ಮಾರಕ ಮೊದಲು, ಬೇರೆ ಮಾತೇ ಇಲ್ಲ. ಅದು ಊರೊಳಗಿಲ್ಲ, ಪೇಯ್ಕರುಂಬುವಿನಲ್ಲಿದೆ. ಪಾಂಬನ್ ಸೇತುವೆ ಇಳಿದು ತಂಗಚ್ಚಿಮಡಂ ದಾಟಿದ ಮೇಲೆ, ದೇವಸ್ಥಾನ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ ಹೆದ್ದಾರಿ ಪಕ್ಕದಲ್ಲೇ ಸಿಗುತ್ತೆ. ಲಾಡ್ಜಿಗೆ ಹೋಗಿ ಸಾಮಾನು ಇಳಿಸಿ ಮತ್ತೆ ಹಿಂದಕ್ಕೆ ಬರೋದು ದಂಡ. ಮಧುರೈಯಿಂದ 170 ಕಿ.ಮೀ., ಮೂರೂವರೆ ಗಂಟೆ. ಆರಕ್ಕೆ ಬಿಟ್ಟರೆ ಹತ್ತರೊಳಗೆ ಗೇಟಲ್ಲಿರ್ತೀರಿ.

ಬಾಡಿಗೆ ಗಾಡಿಯಾದರೆ ಈ ಲೆಕ್ಕ ಕಣ್ಣಲ್ಲಿಟ್ಟುಕೊಳ್ಳಿ. ಬೆಂಗಳೂರಿಂದ ಹೋಗಿಬರೋಕೆ 1,200 ಕಿ.ಮೀ., ಅಲ್ಲಿನ ಓಡಾಟ 80. ಹನ್ನೆರಡು ಸೀಟಿನ ಟಿಟಿ (ಟೆಂಪೋ ಟ್ರಾವೆಲರ್) ಲೀಟರಿಗೆ 10 ಕೊಟ್ಟರೆ 128 ಲೀಟರ್ ಡೀಸೆಲ್. ಆದರೆ ಹೊಡೆತ ಬೀಳೋದು ಡೀಸೆಲಲ್ಲಿ ಅಲ್ಲ. ದಿನಕ್ಕೆ ಕನಿಷ್ಠ 300 ಕಿ.ಮೀ. ಅಂತ ಹಾಕ್ತಾರೆ. ರಾಮೇಶ್ವರದಲ್ಲಿ ನಿಂತ ದಿನ 60 ಓಡಿದ್ರೂ 300ರ ದುಡ್ಡು ಎಣಿಸಬೇಕು. ಟೋಲ್, ಪಾರ್ಕಿಂಗ್, ಡ್ರೈವರ್ ಭತ್ಯೆ, ತಮಿಳುನಾಡು ಪರ್ಮಿಟ್ ಇವು ನಾಲ್ಕೂ ಬಾಡಿಗೆಯೊಳಗೋ ಹೊರಗೋ ಅಂತ ಅಡ್ವಾನ್ಸ್ ಕೊಡೋ ಮುಂಚೆ ಬರೆಸಿಕೊಳ್ಳಿ. ಅತ್ತಿಬೆಲೆ ಗಡಿ ದಾಟಿದ ಮೇಲೆ ಮಾತಾಡಿದ್ರೆ ಮುಗೀತು.

ಮೈಸೂರು ಮೇಷ್ಟ್ರು: ಮೇಲಿನವರ ಮಾತು ಕೇಳಿದರೆ ಆ ಹಿರಿಯರ ತೀರ್ಥಸ್ನಾನ ಹೋದಂತೆಯೇ. ದೇವಸ್ಥಾನ ಮಧ್ಯಾಹ್ನ ಒಂದಕ್ಕೆ ಮುಚ್ಚಿ ಮೂರಕ್ಕೆ ತೆರೆಯುತ್ತದೆ. ಹತ್ತಕ್ಕೆ ಸ್ಮಾರಕ ಹೊಕ್ಕು ಹನ್ನೊಂದೂವರೆಗೆ ಹೊರಬಿದ್ದು, ಲಾಡ್ಜ್ ಹುಡುಕಿ, ಅಗ್ನಿತೀರ್ಥದ ಸಮುದ್ರದಲ್ಲಿ ಮುಳುಗಿ, ಬಾವಿಗಳ ಸಾಲಿಗೆ ನಿಲ್ಲೋದು ಯಾವಾಗ? ಡಿಸೆಂಬರ್ ಅಂದರೆ ಅಯ್ಯಪ್ಪ ಮಾಲೆಯವರೂ ಇರುತ್ತಾರೆ.

ಕ್ರಮ ಹೀಗಿರಲಿ. ಹಿಂದಿನ ರಾತ್ರಿಯೇ ರಾಮೇಶ್ವರದಲ್ಲಿ ತಂಗಿ. ಸ್ಫಟಿಕ ಲಿಂಗದ ದರ್ಶನ ಐದರಿಂದ ಆರರವರೆಗೆ ಮಾತ್ರ. ಅದು ಬೇಕಿದ್ದರೆ ಒಣಬಟ್ಟೆಯಲ್ಲಿ ಮೊದಲು ಅದನ್ನು ಮುಗಿಸಿ, ಆಮೇಲೆ ಸಮುದ್ರ, ಆಮೇಲೆ ಬಾವಿಗಳು. ಒದ್ದೆಬಟ್ಟೆಯಲ್ಲಿ ಗರ್ಭಗುಡಿ ಕಡೆ ಬಿಡುವುದಿಲ್ಲ, ಆದ್ದರಿಂದ ತಲೆಗೆ ಎರಡು ಜೊತೆ ಬಟ್ಟೆ ಬೇಕು. ಮಂಡಿನೋವಿನವರಿಗೆ ಕಷ್ಟವಾಗೋದು ಮೆಟ್ಟಿಲಲ್ಲ, ಒದ್ದೆ ಕಲ್ಲು. ಬಾವಿಯಿಂದ ಬಾವಿಗೆ ಜನ ಓಡುತ್ತಾರೆ, ನೆಲವೆಲ್ಲ ನೀರು. ಒಬ್ಬರು ಅವರ ತೋಳು ಬಿಡಬಾರದು. ಮೊಬೈಲ್ ಒಳಗೆ ಬಿಡುವುದಿಲ್ಲ, ರೂಮಲ್ಲೇ ಇಡಿ. ಸ್ಮಾರಕಕ್ಕೆ ಹನ್ನೊಂದರ ಮೇಲೆ ಹೋದರೆ ಸಾಕು.

ಹಾಸನದ ಟಿಟಿ: ಅವರ ಹತ್ರ ಇರೋದು ಒಂದೇ ದಿನ ಅಂತ ಬರೆದಿದ್ದಾರೆ ಮೇಷ್ಟ್ರೇ. ಹಿಂದಿನ ರಾತ್ರಿ ಎಲ್ಲಿಂದ ತರೋದು?

ಮೈಸೂರು ಮೇಷ್ಟ್ರು: ಮಧುರೈಯಲ್ಲಿ ಮಲಗುವ ರಾತ್ರಿಯನ್ನೇ ರಾಮೇಶ್ವರದಲ್ಲಿ ಮಲಗಿದರಾಯಿತು. ರೂಮಿನ ಬಾಡಿಗೆ ಎಲ್ಲಿ ಮಲಗಿದರೂ ಕೊಡಲೇಬೇಕು ತಾನೇ?

ಶಿರಾ ವಿಜ್ಞಾನ ಟೀಚರ್: ನೀವಿಬ್ಬರೂ ಗೇಟ್ ತನಕ ಬಂದು ನಿಂತಿರಿ. ಹುಡುಗಿ ಒಳಗೆ ಏನು ನೋಡಬೇಕು ಅಂತ ಒಬ್ಬರೂ ಹೇಳಲಿಲ್ಲ.

ಈ ಸ್ಮಾರಕ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿಸಿದ್ದು. ಕಲಾಂ ಅವರನ್ನು ಮಣ್ಣು ಮಾಡಿದ್ದು 2015ರ ಜುಲೈ 30ಕ್ಕೆ, ಅದೇ ಜಾಗದಲ್ಲಿ 2017ರ ಜುಲೈ 27ಕ್ಕೆ, ಎರಡನೇ ಪುಣ್ಯತಿಥಿಯ ದಿನ, ಸ್ಮಾರಕ ತೆರೆಯಿತು. ಮುಂಬಾಗಿಲು ಇಂಡಿಯಾ ಗೇಟಿನ ಹಾಗೆ, ಗುಮ್ಮಟಗಳು ರಾಷ್ಟ್ರಪತಿ ಭವನದ ಹಾಗೆ. ಒಳಗೆ ನಾಲ್ಕು ಹಾಲ್. ಇಲ್ಲೇ ಮಕ್ಕಳು ತಪ್ಪೋದು. ಒಂದನೇದು ಬಾಲ್ಯ ಮತ್ತು ಓದು, ಎರಡನೇದು ರಾಷ್ಟ್ರಪತಿ ಕಾಲ, ಮೂರನೇದು ಇಸ್ರೋ, ಡಿಆರ್‌ಡಿಒ ಕಾಲ, ನಾಲ್ಕನೇದು ಆಮೇಲಿನ ವರ್ಷಗಳು, ಅವರು ತೀರಿಕೊಂಡ ಶಿಲ್ಲಾಂಗ್‌ವರೆಗೆ. ಸಾಲಾಗಿ ನೋಡಿದರೆ 2002ರ ರಾಷ್ಟ್ರಪತಿ ಮೊದಲು ಬಂದು 1980ರ ಎಸ್‌ಎಲ್‌ವಿ-3 ರಾಕೆಟ್ ಆಮೇಲೆ ಬರುತ್ತೆ. ಜನ ಕಮ್ಮಿಯಿದ್ದರೆ 1, 3, 2, 4 ಅಂತ ನೋಡಿ, ಜೀವನ ಸರಿಯಾಗಿ ಜೋಡಿಸಿಕೊಳ್ಳುತ್ತೆ. ಅವರ ವಸ್ತುಗಳ ವಿಭಾಗ ಬಿಡಬೇಡಿ. ಅವರ ವೀಣೆ ಇದೆ, 2006ರಲ್ಲಿ ಪುಣೆಯಿಂದ ಸುಖೋಯ್-30 ಯುದ್ಧವಿಮಾನದಲ್ಲಿ ಹಾರಿದಾಗ ತೊಟ್ಟ ಜಿ-ಸೂಟ್ ಇದೆ. ವಿಮಾನ ಜೋರಾಗಿ ತಿರುಗಿದಾಗ ರಕ್ತ ಕಾಲಿಗೆ ಇಳಿದು ತಲೆ ಸುತ್ತುತ್ತೆ. ಆ ಸೂಟು ಗಾಳಿ ತುಂಬಿಕೊಂಡು ಕಾಲು, ಹೊಟ್ಟೆ ಒತ್ತಿ ಹಿಡಿಯುತ್ತೆ. 74ನೇ ವಯಸ್ಸಲ್ಲಿ ಹಾಕಿಕೊಂಡದ್ದು ಅಂತ ಹೇಳಿ, ಮಗು ಅಲ್ಲೇ ಹತ್ತು ನಿಮಿಷ ನಿಲ್ಲುತ್ತೆ. ಒಳಗೆ ಫೋಟೋ ತೆಗೆಯೋ ಹಾಗಿಲ್ಲ, ಚಿಕ್ಕ ನೋಟ್‌ಬುಕ್ಕು ಪೆನ್ನು ಕೊಟ್ಟು ಕಳಿಸಿ. ಒಂದೂವರೆ ಗಂಟೆಗೆ ಕಮ್ಮಿ ಇಟ್ಟುಕೊಂಡರೆ ಹೋಗಲೇಬೇಡಿ.

ಮಸೀದಿ ಬೀದಿ: ಸ್ಮಾರಕ ಸರ್ಕಾರದ್ದು, ಚೆನ್ನಾಗಿದೆ. ಆದರೆ ಮನೆ ನೋಡದೆ ಬಂದವರು ಕಲಾಂ ಅವರನ್ನು ನೋಡಿಲ್ಲ ಅಂತಲೇ ನನ್ನ ಮಾತು. ದೇವಸ್ಥಾನದಿಂದ ನಡೆಯುವಷ್ಟೇ ದೂರ. ಕೆಳಗೆ ಹಳೇ ಮನೆ, ಮೇಲೆ ಗ್ಯಾಲರಿ, ಅಲ್ಲಿ ಪದಕಗಳು, ಪತ್ರಗಳು.

ಶಿರಾ ವಿಜ್ಞಾನ ಟೀಚರ್: ಮೇಲೆ ಹತ್ತೋ ಮೆಟ್ಟಿಲು ಕಿರಿದು, ಮಂಡಿನೋವಿನವರನ್ನು ಅಲ್ಲಿಗೆ ಕಳಿಸ್ತಿದ್ದೀರಲ್ಲ.

ಮಸೀದಿ ಬೀದಿ: ಮಾವನವರು ಕೆಳಗೆ ಕೂರಲಿ, ಮೊಮ್ಮಗಳು ಹತ್ತಲಿ. ಮನೆಯನ್ನೇ ಬಿಡಿ ಅನ್ನೋಕೆ ಅದು ಕಾರಣವಲ್ಲ.

ದಾವಣಗೆರೆ ರೈಲು: ಎಲ್ಲರೂ ಗಾಡಿ ಗಾಡಿ ಅಂತೀರಿ. ಹಳೇ ಪಾಂಬನ್ ರೈಲು ಸೇತುವೆ ಮೇಲೆ 2022ರ ಡಿಸೆಂಬರಲ್ಲಿ ರೈಲು ನಿಂತಿತ್ತು, ಹೊಸದು 2025ರ ಏಪ್ರಿಲ್ 6ಕ್ಕೆ ತೆರೆದಿದೆ. 72.5 ಮೀಟರಿನ ನಡುತುಂಡು ನೆಟ್ಟಗೆ 17 ಮೀಟರ್ ಮೇಲೆದ್ದು ಹಡಗಿಗೆ ದಾರಿ ಬಿಡುತ್ತೆ. ಮಧುರೈಯಿಂದ ರೈಲಲ್ಲಿ ಬಂದರೆ ಅದರ ಮೇಲೇ ದಾಟ್ತೀರಿ. ಸ್ಟೇಷನ್ನಿಂದ ಸ್ಮಾರಕಕ್ಕೆ ಆಟೋ ಬೇಕು. ಒಂದು ಕಡೆಗೆ ಮಾತ್ರ ಮಾತಾಡಬೇಡಿ, ವಾಪಸ್ ಬರುವಾಗ ಹೆದ್ದಾರಿಯಲ್ಲಿ ಖಾಲಿ ಆಟೋ ಸಿಗದೆ ಹೇಳಿದಷ್ಟು ಕೊಡಬೇಕಾಗುತ್ತೆ. "ವೆಯ್ಟಿಂಗ್ ಸೇರ್ತು ಎವ್ವಳವು" (ಕಾಯೋದೂ ಸೇರಿ ಎಷ್ಟು) ಅಂತ ಕೇಳಿ, ಒಂದೂವರೆ ಗಂಟೆ ಅಂತ ಬೆರಳಲ್ಲಿ ತೋರಿಸಿ, ಆಮೇಲೆ ಹತ್ತಿ.

ಹಾಸನದ ಟಿಟಿ: ಮಂಡಿನೋವಿನವರನ್ನ ರೈಲಿಗೆ ಹತ್ತಿಸಿ ಇಳಿಸಿ ಆಟೋಗೆ ಹತ್ತಿಸೋದು ಯಾವ ನ್ಯಾಯ?

ದಾವಣಗೆರೆ ರೈಲು: ಟಿಟಿ ಮೆಟ್ಟಿಲು ರೈಲಿನ ಮೆಟ್ಟಿಲಿಗಿಂತ ತಗ್ಗೇನಲ್ಲ. ರೈಲಲ್ಲಿ ಕಾಲು ಚಾಚಬಹುದು.

ಬೆಂಗಳೂರು ಕಲ್ಲು: ಒಂದು ವಿಷಯ ಯಾರೂ ಹೇಳಲಿಲ್ಲ. ಆ ಕಟ್ಟಡದ ಕಲ್ಲಿನ ಕಂಬಗಳು ಬೆಂಗಳೂರಿಂದ ಹೋದವು, ಬಾಗಿಲು ತಂಜಾವೂರಿನದು. ಕಲಾಂ ಅವರು 'ನಂದಿ' ಹೋವರ್‌ಕ್ರಾಫ್ಟ್ (ಗಾಳಿಯ ಮೆತ್ತೆ ಮೇಲೆ ಓಡುವ ವಾಹನ) ಕಟ್ಟಿದ್ದೂ ನಮ್ಮ ಬೆಂಗಳೂರಲ್ಲೇ, ಡಿಆರ್‌ಡಿಒದ ಎಡಿಇ ಪ್ರಯೋಗಾಲಯದಲ್ಲಿ. ಮಗಳಿಗೆ ಹೇಳಿ.

ಮೈಸೂರು ಮೇಷ್ಟ್ರು: ವೀಣೆ ನುಡಿಸುವ ಪ್ರತಿಮೆಯ ಪಕ್ಕದಲ್ಲಿ ಭಗವದ್ಗೀತೆ ಇಟ್ಟಿದ್ದಕ್ಕೆ ಗಲಾಟೆ ಆಗಿತ್ತಲ್ಲ, ಅದನ್ನೂ ಹೇಳಿ. ಗೀತೆ ಓದುತ್ತಿದ್ದವರ ಪಕ್ಕ ಗೀತೆ ಇಟ್ಟರೆ ತಪ್ಪೇನು?

ಮಸೀದಿ ಬೀದಿ: ಮನೆಯವರೇ ಕುರಾನ್, ಬೈಬಲ್ ಎರಡನ್ನೂ ತಂದು ಜೊತೆಗಿಟ್ಟರು. ಕಲಾಂ ಅವರ ತಂದೆ ಮಸೀದಿಯ ಇಮಾಮರು, ದೋಣಿಯಲ್ಲಿ ಯಾತ್ರಿಕರನ್ನು ಧನುಷ್ಕೋಡಿಗೆ ಕರೆದೊಯ್ಯುತ್ತಿದ್ದವರು. ಅಂಥ ಮನೆತನದ ಮೇಲೆ ಜಗಳ ಎಳೆಯಬೇಡಿ.

ತಿಪಟೂರು ಸೊಸೆ: ದಯವಿಟ್ಟು ಜಗಳ ಬೇಡ. ಮಧುರೈ ರೂಮು ಬಿಟ್ಟು ಹಿಂದಿನ ರಾತ್ರಿ ರಾಮೇಶ್ವರದಲ್ಲೇ ತಂಗೋಣ ಅಂತಿದ್ದೇವೆ. ಬೆಳಿಗ್ಗೆ ತೀರ್ಥ, ಹನ್ನೊಂದಕ್ಕೆ ಸ್ಮಾರಕ. ಆಮೇಲೆ ಧನುಷ್ಕೋಡಿ ಆಗುತ್ತಾ?

ಹಾಸನದ ಟಿಟಿ: ಆಗುತ್ತೆ. ಧನುಷ್ಕೋಡಿಯ ಅರಿಚಲ್ ಮುನೈ ತುದಿಗೆ ಊರಿಂದ ಸುಮಾರು 20 ಕಿ.ಮೀ. ಐದರ ಹೊತ್ತಿಗೆ ಚೆಕ್‌ಪೋಸ್ಟಲ್ಲಿ ಗಾಡಿ ತಡೀತಾರೆ, ಮೂರಕ್ಕೇ ಊರು ಬಿಡಿ. ಮರಳಲ್ಲಿ ಮಾವನವರನ್ನ ನಡೆಸಬೇಡಿ, ಟಾರು ರಸ್ತೆ ತುದೀವರೆಗೂ ಇದೆ, ಗಾಡಿ ಪಕ್ಕದಲ್ಲೇ ನಿಂತು ನೋಡಲಿ. ನೀರು, ಟೋಪಿ ಊರಲ್ಲೇ ತಗೊಳ್ಳಿ.