ಸಹಾಯ ಬೇಕು: ಕಟ್ಟಡಕ್ಕೆ ಕೊಟ್ಟ ದುಡ್ಡನ್ನು ಪಾಠಕ್ಕೆ ಬಳಸಬಹುದಾ?

ಪ್ರವಾಹದಲ್ಲಿ ಹಾಳಾದ ಬಡ ಊರೊಂದರ ಶಾಲೆಗೆ ಗೆಳೆಯರೆಲ್ಲ ಸೇರಿ ದುಡ್ಡು ಕೂಡಿಸಿದ್ದೇವೆ. ದಾನಿಗಳು ಕೊಟ್ಟಿದ್ದು ಕೊಠಡಿ ಕಟ್ಟುವುದಕ್ಕೆ ಅಂತ. ಅನುಮತಿ ಸಿಗುವುದು ತಡವಾಗುತ್ತಿದೆ. ಅಷ್ಟರಲ್ಲಿ ದೊಡ್ಡ ಮಕ್ಕಳು ಕೂಲಿಗೆ ಹೋಗುತ್ತಿದ್ದಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಗೈರುಹಾಜರಿ, ನೋಡಿದರೆ ಸಂಕಟವಾಗುತ್ತದೆ. ಕೂಲಿಯ ರುಚಿ ಹತ್ತಿದ ಮೇಲೆ ಶಾಲೆಗೆ ವಾಪಸ್ ಬರುವುದು ಕಷ್ಟ ಅಲ್ವಾ?

ಯುನಿಸೆಫ್‌ನ ತುರ್ತು ಶಾಲಾ ಪೆಟ್ಟಿಗೆ (ಪಾಠದ ಸಾಮಾನು ತುಂಬಿದ ಪೆಟ್ಟಿಗೆ) 40 ಮಕ್ಕಳಿಗೆ ಸಾಕಾಗುತ್ತದೆ, ಮುಚ್ಚಳಕ್ಕೆ ಬಣ್ಣ ಬಳಿದರೆ ಅದೇ ಕಪ್ಪು ಹಲಗೆ. ಅದೇ ರೀತಿ ಈ ದುಡ್ಡಿನಲ್ಲಿ ಡೇರೆಯಲ್ಲಿ ಪಾಠ, ಸಂಜೆ ಯುವಕರಿಗೆ ತರಬೇತಿ ಶುರುಮಾಡೋಣ ಅಂದುಕೊಂಡೆವು. ಫೋನಿನಲ್ಲಿ ಕೇಳಿದಾಗ ಕೆಲವು ದಾನಿಗಳು ಒಪ್ಪಿದರು, ಕೆಲವರು ಉತ್ತರವನ್ನೇ ಕೊಡಲಿಲ್ಲ.

ಸುಮ್ಮನಿದ್ದವರ ಪಾಲನ್ನು ಮುಟ್ಟದೆ ಎತ್ತಿಡಬೇಕಾ? ಒಪ್ಪಿದವರಿಂದ ಬರಹದಲ್ಲಿ ಏನೇನು ಬರೆಸಿಕೊಳ್ಳಬೇಕು? ಇಂಥ ಕೆಲಸ ಮಾಡಿದವರು ಯಾರಾದರೂ ದಯವಿಟ್ಟು ತಿಳಿಸಿ.